ನಾಲ್ಕನೇ ನಂಬರಿನ ಯುರೋಪ್

ಪ್ರಪಂಚದಲ್ಲಿ ಒಟ್ಟು ಏಳು ಸಂಸ್ಕೃತಿಗಳಿವೆ ಎಂಬುದು ನೇರಳೆಕೊಲ್ಲಿ ಎಸ್ಟೇಟಿನಲ್ಲಿ ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ತೀರ್ಮಾನವಾಯಿತು. ಹತ್ತು ಗಂಟೆಯವರೆಗೂ ಎಂಟಿದ್ದವು. ಆದರೆ ಲೈನಿನ ಎಂಟನೇ ಕೋಣೆಯ ಮಾಡು ಕಳೆದ ಮಳೆಗಾಲದಲ್ಲಿ ಕುಸಿದು ಬಿದ್ದದ್ದನ್ನು ಯಾರೂ ರಿಪೇರಿ ಮಾಡಿಸಿರಲಿಲ್ಲ. ಮೈಸೂರಿನಿಂದ ಬಂದಿದ್ದ ದಿವ್ಯಶ್ರೀ ಮೇಡಂ ಆ ಕೋಣೆಯೊಳಗೆ ಬೆಳೆದಿದ್ದ ಕಮ್ಯುನಿಸ್ಟ್ ಕಳೆಗಿಡಗಳನ್ನು ಒಮ್ಮೆ ನೋಡಿದರು, ಲ್ಯಾಪ್‌ಟಾಪಿನಲ್ಲಿದ್ದ ಭೂಪಟವನ್ನು ಒಮ್ಮೆ ನೋಡಿದರು, ಆಮೇಲೆ ಪೆಸಿಫಿಕ್ ಮಹಾಸಾಗರದ ಸಕಲ ದ್ವೀಪಗಳನ್ನೂ ಅಲ್ಲಿನ ಜನರನ್ನೂ ಅವರ ಹಾಡು ಕುಣಿತವನ್ನೂ ಒಂದೇ ಬೆರಳಿನಿಂದ ಅಳಿಸಿಹಾಕಿದರು.

"ಪರವಾಗಿಲ್ಲ. ಆ ಕಡೆಯಿಂದ ನಮಗೆ ಗೆಸ್ಟ್‌ಗಳೂ ಬರಲ್ಲ" ಎಂದರು.

ಪಕ್ಕದಲ್ಲಿ ಕೂಲಿಗಳ ಹಾಜರಿ ಪುಸ್ತಕ ಹಿಡಿದು ನಿಂತಿದ್ದ ಎಸ್ಟೇಟ್ ರೈಟರ್ ಶಶಿಧರ, ತಾನೂ ಹಾಗೇ ಅಂದುಕೊಂಡಿದ್ದೆ ಎಂಬಂತೆ ತಲೆಯಾಡಿಸಿ 'ಎಂಟು' ಎಂಬುದನ್ನು ಹೊಡೆದುಹಾಕಿ 'ಏಳು' ಎಂದು ಬರೆದುಕೊಂಡ.

ಇದನ್ನೆಲ್ಲ ಕಾಳಮ್ಮ ನಾಲ್ಕನೇ ಕೋಣೆಯ ಜಗುಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಕೇರುತ್ತಾ ಕೇಳಿಸಿಕೊಂಡಳು. ಲೈನು ಎಂದರೆ ಒಂದೇ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತ ಎಂಟು ಕೋಣೆಗಳು. ಕೋಣೆಗೊಂದು ಬಾಗಿಲು, ಬಾಗಿಲಿಗೊಂದು ನಂಬರು, ನಂಬರಿಗೊಂದು ಸಂಸಾರ. ಸುಂಟಿಕೊಪ್ಪದಿಂದ ಆರು ಮೈಲಿ ಒಳಗಿದ್ದ ಆ ಎಸ್ಟೇಟಿನಲ್ಲಿ ಕಾಳಮ್ಮನ ಹೆಸರು ಗೊತ್ತಿಲ್ಲದವರಿದ್ದರು, ನಂಬರು ಗೊತ್ತಿಲ್ಲದವರಿರಲಿಲ್ಲ. ಮೂವತ್ತೊಂದು ವರ್ಷದಿಂದ ದಿನಾ ಬೆಳಿಗ್ಗೆ ಹಾಜರಿ ಕರೆಯುವಾಗ ರೈಟರು "ನಾಲ್ಕು!" ಎಂದು ಕೂಗುವುದು, ಇವಳು "ಇವ್ನಿ" ಎನ್ನುವುದು. ಗಂಡ ಕೃಷ್ಣಪ್ಪ ಇದ್ದಾಗ ಇಬ್ಬರೂ ಸೇರಿ ಒಂದು ನಾಲ್ಕು. ಅವನು ತೀರಿಕೊಂಡ ಮೇಲೆ ಇವಳೊಬ್ಬಳೇ ನಾಲ್ಕು.

ಈ ಸಂಸ್ಕೃತಿಯ ಗಲಾಟೆ ಶುರುವಾದದ್ದು ಗುಡ್ಡದ ಮೇಲಿನ ರೆಸಾರ್ಟಿನಿಂದ. ಎಸ್ಟೇಟಿನ ಸಾಹುಕಾರ ಅಭಿಲಾಷ್ ಹೋದ ವರ್ಷ ಅದನ್ನು ಕಟ್ಟಿಸಿದ್ದ. ಬಂದ ಗೆಸ್ಟ್‌ಗಳು ಎರಡು ದಿನ ಮಂಜು ನೋಡುತ್ತಿದ್ದರು, ಮೂರನೇ ದಿನ "ಇನ್ನೇನಿದೆ?" ಎಂದು ಕೇಳುತ್ತಿದ್ದರು. ಸಂಜೆಯ ಒಂದು ಕುಣಿತ ಬಿಟ್ಟರೆ ಇನ್ನೇನೂ ಇರಲಿಲ್ಲ. ಆಗ ಯಾರೋ ಅಭಿಲಾಷನ ಕಿವಿಯಲ್ಲಿ ದಿವ್ಯಶ್ರೀ ಮೇಡಂ ಹೆಸರು ಊದಿದರು. ಮೇಡಂ ಸಂಸ್ಕೃತಿ ಸಲಹೆಗಾರರು. ಪ್ರಪಂಚದಲ್ಲಿ ಸಾವಿರಾರು ಸಂಸ್ಕೃತಿಗಳಿವೆಯೆಂದೂ, ಅವನ್ನು ಹಾಗೇ ಚೆಲ್ಲಾಪಿಲ್ಲಿ ಬಿಟ್ಟರೆ ಗೆಸ್ಟ್‌ಗಳಿಗೆ ಅರ್ಥವಾಗುವುದಿಲ್ಲವೆಂದೂ, ಭೂಭಾಗದ ಪ್ರಕಾರ ಗುಂಪು ಮಾಡಿ ಕೋಣೆಗೊಂದರಂತೆ ಕೂರಿಸಿದರೆ ಹನ್ನೊಂದು ಗಂಟೆಗೆ ಹೊರಟವರು ಒಂದು ಗಂಟೆಯ ಊಟದ ಹೊತ್ತಿಗೆ ಇಡೀ ಪ್ರಪಂಚ ಮುಗಿಸಿಕೊಂಡು ಬರಬಹುದೆಂದೂ ಅವರು ಸಾಹುಕಾರನಿಗೆ ತಿಳಿಸಿಕೊಟ್ಟಿದ್ದರು. ಹೇಗೂ ಕಾಫಿ ಹಣ್ಣಿನ ಪಿಕಿಂಗ್ ಮುಗಿದಿತ್ತು. ಲೈನಿನ ಜನ ಖಾಲಿ ಇದ್ದರು.

ಕಾಳಮ್ಮನಿಗೆ ಇದ್ಯಾವುದೂ ಬೇಕಾಗಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಕಾಗದ.

ಲೈನ್‌ಮನೆಯಲ್ಲಿರುವವರಿಗೆ ನಿವೇಶನ ಕೊಡುತ್ತೇವೆ, ಅರ್ಜಿ ಹಾಕಿ ಎಂದು ಪಂಚಾಯಿತಿಯವರು ಡಂಗುರ ಹೊಡೆಸಿದ್ದರು. ಕೊನೆಯ ದಿನ, ಬರುವ ವಾರದ ಶುಕ್ರವಾರ. ಕಾಳಮ್ಮನಿಗೆ ಐವತ್ತೆಂಟಾಗಿತ್ತು. ಲೈನಿನ ಕಾನೂನು ಸರಳ: ಕೈ ಆಡುವತನಕ ಕೋಣೆ. ಇನ್ನೊಂದು ಸೀಸನ್ ಆದಮೇಲೆ ನಾಲ್ಕನ್ನು ಹೊಸಬರಿಗೆ ಕೊಡಬೇಕು ಎಂದು ರೈಟರು ಆಗಲೇ ಎರಡು ಸಲ ತಮಾಷೆಯ ದನಿಯಲ್ಲಿ ಹೇಳಿದ್ದ. ಅವನು ತಮಾಷೆ ಮಾಡಿದ್ದು ಯಾವುದೂ ಇವತ್ತಿನವರೆಗೆ ಸುಳ್ಳಾಗಿರಲಿಲ್ಲ. ಅವಳು ಪಂಚಾಯಿತಿಗೆ ಹೋದರೆ ಅಲ್ಲಿನ ಅಧಿಕಾರಿ ಅನುಪಮಾ ಆಧಾರ್ ಕಾರ್ಡನ್ನು ತಿರುಗಿಸಿ ನೋಡಿ, "ಇದ್ರಲ್ಲಿ ಅರಕಲಗೂಡು ತಾಲ್ಲೂಕು ಅಂತ ಇದೆಯಲ್ಲಮ್ಮ" ಎಂದಳು. ಇರದೆ ಏನು ಮಾಡುತ್ತದೆ? ತಮ್ಮನ ಮನೆಯ ಗೃಹಪ್ರವೇಶಕ್ಕೆಂದು ಹೋದಾಗ ಅಲ್ಲಿ ಕಾರ್ಡು ಮಾಡುವವರು ಬಂದು ಕೂತಿದ್ದರು. ಪಾಯಸ ಉಂಡ ಕೈ ತೊಳೆದು ಅದೇ ಬೆರಳನ್ನು ಒತ್ತಿ ಬಂದಿದ್ದಳು. ಇಲ್ಲೇ ಇದ್ದೀರಿ ಅನ್ನುವುದಕ್ಕೆ ಮಾಲೀಕರ ಸಹಿ, ಸೀಲು ಇರುವ ಕಾಗದ ತನ್ನಿ, ಅರ್ಜಿ ತಗೋತೀನಿ ಎಂದಳು ಅನುಪಮಾ. ಒಳ್ಳೆಯ ಹುಡುಗಿಯೇ. ಆದರೆ ನೇರಳೆಕೊಲ್ಲಿಯ ವಿಚಾರ ಅವಳಿಗೆ ಗೊತ್ತಿರಲಿಲ್ಲ.

ನೇರಳೆಕೊಲ್ಲಿಯಲ್ಲಿ ಕೇಳಿದರೆ ಅಕ್ಕಿ ಸಿಗುತ್ತದೆ, ಕಂಬಳಿ ಸಿಗುತ್ತದೆ, ಜ್ವರ ಬಂದರೆ ಮಡಿಕೇರಿಗೆ ಜೀಪು ಸಿಗುತ್ತದೆ. ಕಾಗದ ಮಾತ್ರ ಸಿಗುವುದಿಲ್ಲ. ಅಭಿಲಾಷನ ಅಜ್ಜ ಹಾಕಿಕೊಟ್ಟ ಪದ್ಧತಿ ಅದು. ಕೂಲಿಯವನ ಕೈಗೆ ಒಂದು ಚೀಟಿ ಕೊಟ್ಟರೆ ನಾಳೆ ಅವನು ಅದನ್ನು ಹಿಡಿದು ತೋಟದಲ್ಲಿ ಪಾಲು ಕೇಳುತ್ತಾನೆ ಎಂದು ಆ ಮಹಾನುಭಾವರು ನಂಬಿದ್ದರಂತೆ. ಅಜ್ಜನ ಫೋಟೋಗೆ ಹಾಕಿದ ಗಂಧದ ಹಾರ ಬಣ್ಣಗೆಟ್ಟರೂ ಪದ್ಧತಿ ಬಣ್ಣಗೆಟ್ಟಿರಲಿಲ್ಲ. ಕಾಳಮ್ಮ ಮೂರು ಸಲ ಕೇಳಿದ್ದಳು. ಮೂರು ಸಲವೂ ಶಶಿಧರ ಒಂದೇ ಉತ್ತರ ಕೊಟ್ಟಿದ್ದ.

"ಎಂತ ಕಾಳಮ್ಮ, ನೀನು ಹಾಸನದ ಕಡೆಯವಳಲ್ವಾ? ನಿಮ್ಮೂರಲ್ಲೇ ಕೇಳು ಮಾರಾಯ್ತಿ, ಕೊಡ್ತಾರೆ."

ನಿಮ್ಮೂರು! ಈ ನಾಡಿನಲ್ಲಿ ಜನರನ್ನು ಗುಂಪು ಮಾಡುವುದಕ್ಕೆ ಮೈಸೂರಿನಿಂದ ಯಾರೂ ಬರಬೇಕಾಗಿರಲಿಲ್ಲ. ಸಂತೆಯಲ್ಲಿ ಬಾಯಿ ಬಿಟ್ಟು ಒಂದು ಕಟ್ಟು ಸೊಪ್ಪು ಕೇಳಿದರೆ ಸಾಕು, ಮಾರುವವಳು ಸೊಪ್ಪಿಗಿಂತ ಮೊದಲು "ನೀವು ಹಾಸನದ ಕಡೆಯವರಾ?" ಎಂದು ಎತ್ತಿಕೊಡುತ್ತಾಳೆ. ಶನಿವಾರಸಂತೆಯ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ತಮ್ಮನ ಊರಿಗೆ ಹೋದರೆ ಅಲ್ಲಿ ನಾದಿನಿ ಬಾಗಿಲಲ್ಲೇ ನಿಂತು "ಕೊಡಗಿನೋರು ಬಂದ್ರು" ಎಂದು ಒಳಗೆ ಕೂಗುತ್ತಾಳೆ. ಇಲ್ಲಿ ಅಲ್ಲಿಯವಳು, ಅಲ್ಲಿ ಇಲ್ಲಿಯವಳು. ನಡುವೆ ಎಲ್ಲಾದರೂ ಬಸ್ಸಿನ ಸೀಟಿನಲ್ಲಿ ನಿವೇಶನ ಕೊಟ್ಟರೆ ಅಲ್ಲಿ ಮಾತ್ರ ಯಾರೂ ತಕರಾರು ಮಾಡುವುದಿಲ್ಲವೇನೋ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು.

ದಿವ್ಯಶ್ರೀ ಮೇಡಂ ಗುಂಪು ಮಾಡುವ ಕೆಲಸವನ್ನು ಬಹಳ ಶ್ರದ್ಧೆಯಿಂದ ಮಾಡಿದರು. ಒಂದನೇ ಕೋಣೆಯಲ್ಲಿದ್ದ ಅಸ್ಸಾಮಿನ ಗಂಡ ಹೆಂಡತಿಯನ್ನು ಒಂದು ಕ್ಷಣ ನೋಡಿ "ಪೂರ್ವ ಏಷ್ಯಾ" ಎಂದರು. ಆ ಗಂಡ ಬಾಯಿ ತೆರೆಯುವಷ್ಟರಲ್ಲಿ ಅವನ ಬಾಗಿಲಿಗೆ ಕೆಂಪು ಕಾಗದದ ಬುಟ್ಟಿದೀಪ ತೂಗಿತು. ಮೂರನೇ ಕೋಣೆಯ ಲಿಂಗನಿಗೆ ಮೀಸೆ ದಪ್ಪಗಿತ್ತು, ಅವನು ಲ್ಯಾಟಿನ್ ಅಮೆರಿಕ. ನಾಲ್ಕನೇ ಕೋಣೆಗೆ ಬಂದಾಗ ಮೇಡಂ ಕಾಳಮ್ಮನ ಮುಖ ನೋಡಲಿಲ್ಲ, ಮಾಡು ನೋಡಿದರು. ಬ್ರಿಟಿಷರ ಕಾಲದಲ್ಲಿ ಅಲ್ಲಿ ದೊರೆಯ ಅಡಿಗೆಯವನಿದ್ದನಂತೆ. ಆದ್ದರಿಂದ ಇಡೀ ಲೈನಿನಲ್ಲಿ ಆ ಕೋಣೆಗೆ ಮಾತ್ರ ಇಟ್ಟಿಗೆಯ ಹೊಗೆಗೂಡು ಇತ್ತು.

"ಚಿಮ್ನಿ ಇದೆ! ಇದು ಯುರೋಪ್" ಎಂದರು ಮೇಡಂ.

"ನನ್ನ ಏನ್ ಮಾಡ್ತೀರವ್ವಾ?" ಎಂದಳು ಕಾಳಮ್ಮ.

"ನೀವೂ ಯುರೋಪೇ. ಚಿಮ್ನಿ ಜೊತೆ ಬರ್ತೀರಿ."

ಕಾಳಮ್ಮ ಮೊರ ಕೆಳಗಿಟ್ಟು ನಕ್ಕಳು. ಮೇಡಂ ಪಕ್ಕದ ಐದನೇ ಕೋಣೆಯ ಹತ್ತಿರ ಹೋದಾಗ ಆ ನಗು ನಿಂತಿತು. ಅಲ್ಲಿದ್ದದ್ದು ಚೋಮ ಮತ್ತು ಅವನ ಹೆಂಡತಿ ಮುದ್ದಿ. ಚೋಮನ ಜನ ಈ ಬೆಟ್ಟದಲ್ಲಿ ಕಾಫಿಯೆಂಬ ಗಿಡ ಬರುವ ಮೊದಲೇ ಇದ್ದವರು. ಅವನ ಮುತ್ತಜ್ಜಂದಿರೇ ಕಾಡು ಕಡಿದು ಈ ತೋಟ ಮಾಡಿಕೊಟ್ಟವರು. ಮೇಡಂ ಅವನ ಗುಂಗುರು ಕೂದಲು ನೋಡಿದರು, ಮೈಬಣ್ಣ ನೋಡಿದರು, ಭೂಪಟ ನೋಡುವ ಗೋಜಿಗೆ ಹೋಗಲಿಲ್ಲ.

"ಆಫ್ರಿಕಾ. ಪರ್ಫೆಕ್ಟ್ ಆಫ್ರಿಕಾ!"

ಚೋಮ ಸ್ವಲ್ಪ ಹೊತ್ತು ಯೋಚಿಸಿ, "ಅಲ್ಲಿ ಕಾಫಿ ಉಂಟಾ?" ಎಂದು ಕೇಳಿದ.

"ಕಾಫಿ ಹುಟ್ಟಿದ್ದೇ ಅಲ್ಲಿ!"

"ಹಂಗಾರೆ ಅಲ್ಲಿಯೂ ಇದೇ ಕೆಲಸ" ಎಂದು ಅವನು ಬೀಡಿ ಹಚ್ಚಿದ. ಮುದ್ದಿ ಸೆರಗನ್ನು ಎರಡೂ ಭುಜದ ಮೇಲೆ ಎಳೆದುಕೊಂಡು ಒಳಗೆ ಹೋದಳು.

ಕಾಳಮ್ಮನಿಗೆ ಮೈ ಉರಿಯಿತು. ತನ್ನನ್ನು ಹೊಗೆಗೂಡಿನ ಜೊತೆ ಎಣಿಸಿದ್ದು ತಮಾಷೆ. ಚೋಮನನ್ನು ಅವನ ಸ್ವಂತ ನೆಲದ ಮೇಲೆ ನಿಲ್ಲಿಸಿಕೊಂಡು ಕೂದಲು ನೋಡಿ ಸಮುದ್ರದಾಚೆ ಸಾಗಹಾಕಿದ್ದು ತಮಾಷೆಯಲ್ಲ. ಮೇಡಂಗೆ ಒಂದು ಮಾತು ಹೇಳಬೇಕೆಂದು ಎದ್ದಳು. ಆಮೇಲೆ ಶುಕ್ರವಾರ ನೆನಪಾಗಿ ಕೂತಳು. ಜಗಳ ಮಾಡಿದರೆ ಕಾಗದದ ಆಸೆಯೂ ಹೋಗುತ್ತದೆ. ಹಾಗೆ ಕೂತದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಕೊನೆಗೆ ಉಳಿದದ್ದು ದಕ್ಷಿಣ ಏಷ್ಯಾ. ಇಡೀ ಲೈನನ್ನು ಎರಡು ಸಲ ಸುತ್ತಿದರೂ ದಕ್ಷಿಣ ಏಷ್ಯಾದವರಂತೆ ಕಾಣುವವರು ಮೇಡಂಗೆ ಒಬ್ಬರೂ ಸಿಗಲಿಲ್ಲ. ಆದ್ದರಿಂದ ರೆಸಾರ್ಟಿನ ರಿಸೆಪ್ಷನ್ನಿನಲ್ಲಿ ಕೂರುತ್ತಿದ್ದ ಹುಡುಗಿಗೆ ರೇಷ್ಮೆ ಸೀರೆ ಉಡಿಸಿ, ಗೆಜ್ಜೆ ಕಟ್ಟಿ, ಏಳನೇ ಕೋಣೆಗೆ ಕರೆತರುವುದೆಂದು ನಿಶ್ಚಯವಾಯಿತು. ಏಳನೇ ಕೋಣೆಯಲ್ಲಿ ವಾಸವಿದ್ದ ಪಿರಿಯಾಪಟ್ಟಣದ ಸಂಸಾರವನ್ನು ಆ ಎರಡು ಗಂಟೆ ಹಿತ್ತಿಲಲ್ಲಿ ನಿಲ್ಲುವಂತೆ ಕೇಳಿಕೊಳ್ಳಲಾಯಿತು.

ಗುರುವಾರ ಒಂದು ತೊಡಕು ಎದ್ದಿತು. ರೆಸಾರ್ಟಿಗೆ ಹೋದ ತಿಂಗಳು ಬಂದಿದ್ದ ಯಾರೋ, ಅಲ್ಲಿ ಸಂಜೆ ಕುಣಿದವರು ಬಾಡಿಗೆ ಕಲಾವಿದರು, ಎಲ್ಲ ನಾಟಕ ಎಂದು ಇಂಟರ್ನೆಟ್ಟಿನಲ್ಲಿ ಬರೆದು ಒಂದೇ ನಕ್ಷತ್ರ ಕೊಟ್ಟಿದ್ದರು. ಅಭಿಲಾಷ್ ಆ ಒಂಟಿ ನಕ್ಷತ್ರವನ್ನು ನೆನೆದು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಅದಕ್ಕೆ ಮೇಡಂ ಪರಿಹಾರ ಹೇಳಿದರು: ಪ್ರತಿ ಕೋಣೆಯ ಗೋಡೆಯ ಮೇಲೆ ಗಾಜು ಹಾಕಿಸಿದ ಒಂದು ದೃಢೀಕರಣ ಪತ್ರ ಇರಬೇಕು. ಇಲ್ಲಿರುವವರು ನಟರಲ್ಲ, ನಿಜವಾಗಿ ಇಲ್ಲೇ ಬಾಳುವವರು ಎಂದು ಸಾಕ್ಷಾತ್ ಮಾಲೀಕರೇ ಸಹಿ ಹಾಕಿರಬೇಕು.

ಕಾಳಮ್ಮನ ಕಿವಿ ನೆಟ್ಟಗಾಯಿತು.

ಮೇಡಂ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ನಾಲ್ಕನೇ ಕೋಣೆಯ ಜಗುಲಿಗೆ ಬಂದು, "ನಿಮ್ಮದೊಂದು ಸ್ಟೋರಿ ಬೇಕು. ಎಷ್ಟು ವರ್ಷದಿಂದ ಇದೀರಿ?" ಎಂದಾಗ ಅವಳು ಮೊದಲು ಒಂದು ಲೋಟ ಕಾಫಿ ತಂದಿಟ್ಟಳು. ಬೆಲ್ಲ ಸ್ವಲ್ಪ ಹೆಚ್ಚೇ ಹಾಕಿದ್ದಳು.

"ಮೂವತ್ತೊಂದು ವರ್ಸ. ಬರ್ಕಳಿ. ಬರೀ ವರ್ಸ ಬರುದ್ರೆ ಯಾರು ನಂಬ್ತಾರೆ? ಲೈನ್ ಮನೆ ನಂಬ್ರ ನಾಲ್ಕು ಅಂತನೂವೆ ಬರ್ಕಳಿ. ಗಂಡನ ಹೆಸ್ರು ಕೃಷ್ಣಪ್ಪ, ಸತ್ತೋದ್ರು, ಅದುನ್ನೂ ಹಾಕಿ."

"ಸೂಪರ್. ಟಚಿಂಗ್ ಆಗಿದೆ."

"ಗ್ರಾಮ, ಹೋಬ್ಳಿ, ಪಂಚಾಯ್ತಿ ಹಾಕುದ್ರಾ? ದೂರದಿಂದ ಬರೋ ಜನ ಕಣವ್ವ. ಅಡ್ರೆಸ್ ಇಲ್ದಿದ್ರೆ ಇದೂ ನಾಟ್ಕ ಅಂದುಬುಟ್ರೆ? ಇನ್ನೊಂದು ನಕ್ಷತ್ರ ಹೋಯ್ತದೆ."

ನಕ್ಷತ್ರದ ಮಾತು ಬಂದದ್ದೇ ಮೇಡಂ ಬೆರಳು ಸರಸರ ಓಡಿತು. 'ಖಾಯಂ ವಾಸ' ಎಂಬ ಪದವನ್ನೂ ಕಾಳಮ್ಮನೇ ಒದಗಿಸಿದಳು. ಪಂಚಾಯಿತಿಯ ಅರ್ಜಿಯಲ್ಲಿ ಅದೇ ಪದವಿದ್ದದ್ದನ್ನು ಅನುಪಮಾ ಎರಡು ಸಲ ಓದಿ ಹೇಳಿದ್ದಳು. ಅಕ್ಷರ ಬಾರದವರಿಗೆ ಕೇಳಿದ್ದು ಮರೆಯುವ ಅನುಕೂಲ ಇರುವುದಿಲ್ಲ.

ಐದನೇ ಕೋಣೆಯ ಸ್ಟೋರಿಯನ್ನೂ ಮೇಡಂ ಅವಳ ಜಗುಲಿಯಲ್ಲೇ ಬರೆದುಕೊಂಡರು. ಚೋಮನಿಗೆ ತಾನು ಎಷ್ಟು ವರ್ಷದಿಂದ ಇದ್ದೇನೆ ಎಂಬುದು ಗೊತ್ತಿರಲಿಲ್ಲ. ಅಪ್ಪ ಇಲ್ಲೇ, ಅಜ್ಜ ಇಲ್ಲೇ, ಅದರ ಹಿಂದಿನದು ಕಾಡಿಗೆ ಗೊತ್ತು ಎಂದ. ಮೇಡಂ ಕಣ್ಣು ಮುಚ್ಚಿ "ಆಹಾ" ಎಂದು, 'ಅನಾದಿ ಕಾಲದಿಂದ' ಎಂದು ಬರೆದರು.

ಬರೆದದ್ದೆಲ್ಲ ಶಶಿಧರನ ಕೈಗೆ ಬಂತು. ಅವನಾದರೂ ಎಚ್ಚರವಾಗಬಹುದಿತ್ತು, ಆಗಲಿಲ್ಲ. ಅವನ ಪ್ರಕಾರ ಕಾಗದ ಎಂದರೆ ಕೂಲಿಯವರು ಬಂದು ತಲೆ ಕೆರೆಯುತ್ತಾ ಕೇಳುವಂಥದ್ದು, ಇಲ್ಲ ಎಂದು ಕಳಿಸುವಂಥದ್ದು. ಯಾರೂ ಕೇಳದೆ ಸಾಹುಕಾರರೇ ಮಾಡಿಸುವಂಥದ್ದು ಅಲಂಕಾರ. ಅದರ ಮೇಲೆ ಅವನು ಎಸ್ಟೇಟಿಗೆ ಬರುವ ಮೊದಲು ನೋಟರಿ ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದವನು. ಸೀಲಿಲ್ಲದ ಹಾಳೆ ಕಂಡರೆ ಅವನ ಕೈ ನವೆಯುತ್ತದೆ. ಎಸ್ಟೇಟಿನ ಹೆಸರಿರುವ ದಪ್ಪ ಕಾಗದದಲ್ಲಿ ಅಚ್ಚು ಹಾಕಿಸಿದ, ತಾರೀಖು ಹಾಕಿದ, ಅಭಿಲಾಷನ ಮುಂದೆ ಹಿಡಿದು ಸಹಿ ಮಾಡಿಸಿದ, ಕೆಳಗೆ ದುಂಡನೆಯ ನೀಲಿ ಸೀಲನ್ನು ಎರಡು ಕೈಯಿಂದ ಒತ್ತಿದ. ಅಜ್ಜನ ಕಾಲದಿಂದ ಒಂದು ಚೀಟಿಯನ್ನೂ ಕೊಡದ ನೇರಳೆಕೊಲ್ಲಿ ಎಸ್ಟೇಟು ಒಂದೇ ಮಧ್ಯಾಹ್ನ ಏಳು ಕೊಟ್ಟಿತು, ಗಾಜು ಹಾಕಿಸಿ.

ಭಾನುವಾರ ಉದ್ಘಾಟನೆ. ಕಾಳಮ್ಮನಿಗೆ ಕಾಲಿನವರೆಗೆ ಬರುವ ಒಂದು ನೀಲಿ ಗೌನು, ತಲೆಗೆ ಹೂವಿನ ಟೋಪಿ. ಗೌನಿನಿಂದ ಒಗೆಯದ ಪರದೆಯ ವಾಸನೆ ಬರುತ್ತಿತ್ತು. ಒಳಗೆ ತನ್ನ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡೇ ಮೇಲೆ ಅದನ್ನು ಹಾಕಿಕೊಂಡಳು, ಆದ್ದರಿಂದ ಯುರೋಪ್ ಸ್ವಲ್ಪ ದಪ್ಪಗೆ ಕಾಣಿಸುತ್ತಿತ್ತು. ಹೊಗೆಗೂಡಿನ ಕೆಳಗೆ ಬೆಂಕಿ ಹಾಕಿ ಕೂರುವುದು, ಗೆಸ್ಟ್‌ಗಳು ಬಂದರೆ ಮುಗುಳ್ನಗುವುದು, ಮಾತಾಡಬಾರದು. ಹೆಚ್ಚು ಹೊತ್ತು ನಿಂತವರಿಗೆ ಒಂದು ತುಂಡು ಕೇಕು.

ಬೆಂಗಳೂರಿನ ಮೂವತ್ತು ಜನರು ಪೂರ್ವ ಏಷ್ಯಾದಲ್ಲಿ ಫೋಟೋ ತೆಗೆಸಿಕೊಂಡು, ಲಿಂಗನ ಟೋಪಿ ಒಬ್ಬರಾದ ಮೇಲೊಬ್ಬರು ಹಾಕಿಕೊಂಡು, ನಾಲ್ಕನೇ ಬಾಗಿಲಿಗೆ ಬಂದರು. ಒಬ್ಬ ಹೆಂಗಸು ಒಳಗೆ ಬಗ್ಗಿ ನೋಡಿ, "ಇವರು ನಿಜವಾದವರಾ?" ಎಂದು ಗಂಡನನ್ನು ಕೇಳಿದಳು. ಕಾಳಮ್ಮ ಮಾತಾಡಬಾರದೆಂಬ ಕರಾರಿನ ಪ್ರಕಾರ ಸುಮ್ಮನೆ ಗೋಡೆಯತ್ತ ಬೆರಳು ತೋರಿಸಿದಳು. ಗಂಡ ಕನ್ನಡಕ ಏರಿಸಿ ಓದಿದ. ಮೂವತ್ತೊಂದು ವರ್ಷ, ಲೈನ್ ಮನೆ ನಂಬರ್ ನಾಲ್ಕರಲ್ಲಿ ಖಾಯಂ ವಾಸ, ಯುರೋಪ್ ಖಂಡದ ಸಂಸ್ಕೃತಿಯ ಅಪ್ಪಟ ಪ್ರತಿನಿಧಿ. "ಸೀಲ್ ಇದೆ ಕಣೆ, ಒರಿಜಿನಲ್" ಎಂದ. ಹೆಂಡತಿಗೆ ಸಮಾಧಾನವಾಯಿತು.

ಕೊನೆಯಲ್ಲಿ ಕಾಫಿ ಒಣಗಿಸುವ ಕಣದಲ್ಲಿ ನಿಂತು ಅಭಿಲಾಷ್ ಮೈಕಿನಲ್ಲಿ ಮಾತಾಡಿದ. "ಬೇರೆ ಕಡೆ ನೀವು ನಾಟಕ ನೋಡಿರಬಹುದು. ಇಲ್ಲಿ ಒಂದಕ್ಷರ ಸುಳ್ಳಿಲ್ಲ. ಆ ಏಳೂ ಕಾಗದಕ್ಕೆ ನನ್ನ ಸ್ವಂತ ಸಹಿ ಇದೆ. ಯಾರು ಬೇಕಾದರೂ ಫೋಟೋ ತೆಗೆದುಕೊಳ್ಳಿ, ಎಲ್ಲಿ ಬೇಕಾದರೂ ಹಾಕಿ!" ಮೂವತ್ತು ಮೊಬೈಲುಗಳೂ ಎದ್ದವು. ಚಪ್ಪಾಳೆ ಎಲ್ಲರಿಗಿಂತ ಜೋರಾಗಿ ಹೊಡೆದದ್ದು ಟೋಪಿ ಹಾಕಿದ ಯುರೋಪು.

ಶುಕ್ರವಾರ ಬೆಳಿಗ್ಗೆ ಕಾಳಮ್ಮ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಗೋಡೆಯ ಮೊಳೆಯಿಂದ ಫ್ರೇಮನ್ನು ಇಳಿಸಿ ಟವೆಲಿನಲ್ಲಿ ಸುತ್ತಿಕೊಂಡಳು. ಹೊರಗೆ ಬಂದವಳು ಐದನೇ ಬಾಗಿಲಲ್ಲಿ ನಿಂತಳು. ಆ ಮಂಗಳವಾರ ಎದ್ದವಳು ಮತ್ತೆ ಕೂತಿದ್ದು ಇನ್ನೂ ಅವಳ ಎದೆಯಲ್ಲಿ ಚುಚ್ಚುತ್ತಿತ್ತು.

"ಏ ಚೋಮಾ, ನಿಂದೂ ತಗೊಂಡು ಬಾರಪ್ಪ. ಮುದ್ದೀನೂ ಕರ್ಕ."

"ಎಲ್ಲಿಗೆ?"

"ಪಂಚಾಯ್ತಿಗೆ. ಆಪ್ರಿಕಾಕ್ಕೆ ಹೋಗಿದ್ದು ಸಾಕು."

ಪಂಚಾಯಿತಿ ಕಚೇರಿಯಲ್ಲಿ ಅನುಪಮಾ ಟವೆಲು ಬಿಚ್ಚಿ ಫ್ರೇಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅರ್ಜಿಯ ಜೊತೆ ಗಾಜು ಹಾಕಿಸಿದ ದಾಖಲೆಯನ್ನು ಅವಳು ಸರ್ವೀಸಿನಲ್ಲಿ ನೋಡಿರಲಿಲ್ಲ. ಆಮೇಲೆ ನಿಧಾನವಾಗಿ ಓದಿದಳು. ಓದುತ್ತಾ ಓದುತ್ತಾ ತುಟಿಯನ್ನು ಒಳಗೆಳೆದುಕೊಂಡಳು.

"ಕಾಳಮ್ಮ, ಇದ್ರಲ್ಲಿ ನೀವು ಯುರೋಪ್ ಸಂಸ್ಕೃತಿ ಅಂತ ಇದೆ."

ಕಾಳಮ್ಮ ಎಲ್ಲ ಯೋಚಿಸಿದ್ದಳು, ಇದೊಂದನ್ನು ಯೋಚಿಸಿರಲಿಲ್ಲ. ಈ ಹುಡುಗಿಯೂ ನಿಮ್ಮೂರಿಗೆ ಹೋಗಿ ಅಂದರೆ, ಈ ಸಲ ಅರಕಲಗೂಡು ಸಾಲದು, ಎಲ್ಲಿಗೆ ಹೋಗಬೇಕೋ ದೇವರೇ ಬಲ್ಲ.

"ಅದು ನಂದಲ್ಲ ಕಣವ್ವ, ಹೊಗೆಗೂಡಿಂದು" ಎಂದಳು.

ಅನುಪಮಾ ಅರ್ಜಿಯನ್ನು ಮೇಲಿಂದ ಕೆಳಗೆ ನೋಡಿದಳು. "ಇರಲಿ ಬಿಡಿ, ಸಂಸ್ಕೃತಿಗೆ ನಮ್ಮಲ್ಲಿ ಕಾಲಂ ಇಲ್ಲ. ವಾಸ ಎಲ್ಲಿ ಅಂತ ಮಾತ್ರ ಕೇಳ್ತೀವಿ. ಅದು ಸರಿಯಾಗಿದೆ" ಎಂದು ಪೆನ್ನು ತೆಗೆದಳು.

ಅಷ್ಟರಲ್ಲಿ ಹೊರಗೆ ಬೈಕು ನಿಂತ ಸದ್ದಾಯಿತು. ಹನ್ನೊಂದು ಗಂಟೆಗೆ ಗೆಸ್ಟ್‌ಗಳನ್ನು ಕರೆದುಕೊಂಡು ಲೈನಿಗೆ ಬಂದ ಶಶಿಧರನಿಗೆ ಅಲ್ಲಿ ಯುರೋಪೂ ಇರಲಿಲ್ಲ, ಆಫ್ರಿಕಾವೂ ಇರಲಿಲ್ಲ, ಎರಡು ಮೊಳೆ ಇದ್ದವು. ಬೆವರು ಸುರಿಸುತ್ತಾ ಒಳಗೆ ನುಗ್ಗಿದ.

"ಮೇಡಂ, ಅದನ್ನು ತಗೋಬೇಡಿ! ಅದೆಲ್ಲ ಶೋಗೆ ಮಾಡಿದ್ದು. ಸುಳ್ಳು!"

"ಯಾವುದು ಸುಳ್ಳು?" ಎಂದಳು ಅನುಪಮಾ ಶಾಂತವಾಗಿ. "ಇವರು ಅಲ್ಲಿಲ್ಲವಾ? ಸಹಿ ನಿಮ್ಮ ಮಾಲೀಕರದಲ್ಲವಾ? ಸುಳ್ಳಾದರೆ ಸುಳ್ಳು ಅಂತ ಒಂದು ಕಾಗದ ಬರೆದುಕೊಡಿ, ಇದೇ ತರ ಸಹಿ ಸೀಲು ಹಾಕಿಸಿ. ಈಗಲೇ ಅರ್ಜಿ ವಾಪಸ್ ಮಾಡ್ತೀನಿ."

ಶಶಿಧರ ಜಗುಲಿಗೆ ಹೋಗಿ ಸಾಹುಕಾರನಿಗೆ ಫೋನು ಮಾಡಿದ. ಸ್ಪೀಕರ್ ಹಾಕಬೇಕಾದ ಅಗತ್ಯವಿರಲಿಲ್ಲ, ಅಭಿಲಾಷನ ದನಿ ಸುಂಟಿಕೊಪ್ಪದವರೆಗೆ ಕೇಳುವಂತಿತ್ತು. ಮೊದಲು ಬೈದ. ಆಮೇಲೆ ಸುಳ್ಳೆಂದು ಬರೆದುಕೊಟ್ಟರೆ ಮೂವತ್ತು ಮೊಬೈಲಿನಲ್ಲಿರುವ ಅವನ ಸಹಿಯ ಗತಿಯೇನು, ನಕ್ಷತ್ರಗಳ ಗತಿಯೇನು ಎಂಬುದು ಹೊಳೆದಿರಬೇಕು, ಬೈಗುಳ ಅರ್ಧಕ್ಕೇ ನಿಂತಿತು. ಕೊನೆಗೆ ಅವನ ಬಾಯಿಂದ ಅಜ್ಜನೇ ಮಾತಾಡಿದರು.

"ಶಶಿ, ನೀನು ಮಾತ್ರ ಅಲ್ಲಿ ಏನೂ ಬರೆದುಕೊಡಬೇಡ. ನಮ್ಮ ಎಸ್ಟೇಟಿಂದ ಯಾರಿಗೂ ಕಾಗದ ಕೊಡುವ ಪದ್ಧತಿಯೇ ಇಲ್ಲ!"

ಶಶಿಧರ ಒಳಗೆ ಬಂದು ಗೋಡೆಗೆ ಒರಗಿ ನಿಂತ. ಪಾಪ, ಹತ್ತು ವರ್ಷ ಕಾಪಾಡಿದ ಪದ್ಧತಿ. ಮೊದಲ ಸಲ ಅದು ಅವನನ್ನೇ ಬರಿಗೈಯಲ್ಲಿ ನಿಲ್ಲಿಸಿತ್ತು. ಕಾಳಮ್ಮ ಅವನಿಗೆ ಬೆಂಚಿನ ಮೇಲೆ ಜಾಗ ಮಾಡಿಕೊಟ್ಟಳು.

"ಕೂತ್ಕಳಿ ರೈಟ್ರೇ. ನಿಮ್ಮೂರಲ್ಲಿ ಕೇಳಿ, ಕೊಡ್ತಾರೇನೋ."

ಅನುಪಮಾ ಅರ್ಜಿಯ ಮೇಲೆ ನಂಬರು ಹಾಕಿ, ಠಸ್ಸೆ ಒತ್ತಿ, ರಸೀತಿ ಹರಿದುಕೊಟ್ಟಳು. ಅದರಲ್ಲಿ ತನ್ನ ಹೆಸರು ಎಲ್ಲಿದೆ ಎಂದು ಕಾಳಮ್ಮ ಕೇಳಿ ತೋರಿಸಿಕೊಂಡಳು. ಊರು ಎಲ್ಲಿದೆ ಎಂದು ಕೇಳಿ ಅದನ್ನೂ ತೋರಿಸಿಕೊಂಡಳು. ಎರಡೂ ಒಂದೇ ಸಾಲಿನಲ್ಲಿದ್ದವು. ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ನಿಂತಾಗ ಅವಳಿಗೆ ಅಳು ಬಂತು, ಬಂದದ್ದನ್ನು ಬಚ್ಚಿಡಲಿಲ್ಲ.

ಆಮೇಲೆ ಚೋಮ ಮುಂದೆ ಬಂದು ತನ್ನ ಫ್ರೇಮನ್ನು ಮೇಜಿನ ಮೇಲೆ ನಿಲ್ಲಿಸಿದ. ಅನುಪಮಾ ಓದಿ, ಕಂಪ್ಯೂಟರಿನಲ್ಲಿ ಬೆರಳಾಡಿಸಿ, ಅರ್ಧದಲ್ಲೇ ನಿಲ್ಲಿಸಿದಳು.

"ಎಷ್ಟು ವರ್ಷದಿಂದ ವಾಸ ಅನ್ನೋ ಕಡೆ 'ಅನಾದಿ ಕಾಲದಿಂದ' ಅಂತ ಇದೆ. ಹಾಗೆ ಹಾಕಿದ್ರೆ ಕಂಪ್ಯೂಟರ್ ತಗೊಳಲ್ಲ. ಒಂದು ಸಂಖ್ಯೆ ಹೇಳಿ."

ಚೋಮ ಮುದ್ದಿಯ ಮುಖ ನೋಡಿದ. ಮುದ್ದಿ ಕಾಳಮ್ಮನ ಮುಖ ನೋಡಿದಳು. ಬೆಂಚಿನ ಮೇಲೆ ರೈಟರ್ ಶಶಿಧರ ತನ್ನ ಪಾದ ನೋಡಿಕೊಂಡ.

ಕಾಳಮ್ಮ ರಸೀತಿಯನ್ನು ಸೆರಗಿಗೆ ಗಂಟು ಹಾಕುತ್ತಾ ಕೇಳಿದಳು: "ರೈಟ್ರೇ, ನಮ್ಮ ಗೇಟಿನ ಮೇಲೆ ಕಲ್ಲಲ್ಲಿ ಇಸ್ವಿ ಕೆತ್ತವ್ರಲ್ಲ, ಎಸ್ಟೇಟ್ ಸುರುವಾಗಿ ಎಷ್ಟ್ ವರ್ಸ ಆಯ್ತು?"

ಶಶಿಧರ ಲೆಕ್ಕ ಹಾಕಿ, ಬೇರೆ ದಾರಿ ಕಾಣದೆ, "ನೂರ ಮೂವತ್ತೆರಡು" ಎಂದ.

"ಚೋಮಂಗೆ ನೂರ ಮೂವತ್ತಮೂರು ಹಾಕ್ಕಳವ್ವ" ಎಂದಳು ಕಾಳಮ್ಮ.